ಬಿಸ್ಕತ್ತಿನ ಮೇಲೊಂದು ತುಂಡು ಚೀಸ್: ನೀವು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೇಲಿ ಮನೆಗೆ ಹತ್ತು ಜನ ಬಂದಾಗ ಊಟಕ್ಕೆ ಮುಂಚೆ ಏನು ಕೊಡಬಹುದು ಅಂತ ಬರೀತಾ, ಕ್ರ್ಯಾಕರ್ ಬಿಸ್ಕತ್ತಿನ ಮೇಲೆ ನಮ್ಮ ಕಡೇಲೇ ತಯಾರಾಗೋ ಒಳ್ಳೆ ಚೀಸ್ ಇಟ್ಟು ಕೊಡಿ, ಒಲೆ ಹಚ್ಚೋದೇ ಬೇಡ ಅಂತ ಎರಡು ಸಾಲು ಸೇರಿಸಿದ್ದೆ. ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಮೆಸೇಜಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಎರಡು ಸಾಲಿನ ಬಗ್ಗೇನೇ ಇದೆ, ಬಜ್ಜಿ ಬೋಂಡದ ಬಗ್ಗೆ ಒಬ್ಬರೂ ಕೇಳಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ನಮ್ಮನೆಯವರ ಐವತ್ತನೇ ಹುಟ್ಟುಹಬ್ಬಕ್ಕೆ 15 ಜನ ಬರ್ತಾರೆ, ಊಟ ಹೊರಗಡೆಯಿಂದ ತರಿಸ್ತೀವಿ ಆದ್ರೆ ಅದಕ್ಕೆ ಮುಂಚೆ ಕೊಡೋದನ್ನ ನಾನೇ ಮಾಡ್ಬೇಕು ಅಂತ ಆಸೆ. ಯಾವ ಚೀಸ್, ಎಷ್ಟು, ಹೇಗೆ ಜೋಡಿಸಬೇಕು? ಇದುವರೆಗೂ ನಮ್ಮನೇಲಿ ಡಬ್ಬಿ ಚೀಸ್ ಬಿಟ್ಟು ಬೇರೆ ಬಂದಿಲ್ಲ. – ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ಲೆಕ್ಕ. ಊಟ ಹಿಂದೇನೇ ಇದೆ ಅಂದ್ರೆ ತಲೆಗೆ 40 ಗ್ರಾಂ ಚೀಸ್ ಸಾಕು, 15 ಜನಕ್ಕೆ 600 ಗ್ರಾಂ. ಬಿಸ್ಕತ್ತು ತಲೆಗೆ ಆರು ಅಂತ ಇಟ್ಕೊಂಡ್ರೆ 90, ಮುರಿದು ಹೋಗೋದೂ ಇರುತ್ತೆ ಅದಕ್ಕೆ ನೂರು ತಗೊಳ್ಳಿ. ಚೀಸಲ್ಲಿ ಮೂರು ಥರ ಸಾಕು, ಒಂದೊಂದು 200 ಗ್ರಾಂ. ಏಳೆಂಟು ಥರ ತಂದು ತಟ್ಟೆ ತುಂಬಿಸಿದ್ರೆ ಬಂದವರು ಯಾವುದನ್ನೂ ಸರಿಯಾಗಿ ರುಚಿ ನೋಡಲ್ಲ, ಎಲ್ಲದರಲ್ಲೂ ಅರ್ಧರ್ಧ ಉಳಿಯುತ್ತೆ.

ಮೂರರಲ್ಲಿ ಒಂದು ಹಸಿ ಚೀಸ್ ಇರ್ಲಿ, ಅಂದ್ರೆ ಹಳೇದು ಮಾಡದೆ ಹಾಗೇ ತಿನ್ನೋದು. ಬೆಂಗಳೂರಲ್ಲೇ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿಗಳು ವಲ್ಲೊಂಬ್ರೋಸಾ ಅನ್ನೋ ಹೆಸರಲ್ಲಿ ಇಟಲಿ ಥರದ ಮೊಝರೆಲ್ಲಾ, ಬುರ್ರಾಟಾ, ಬೊಕ್ಕೊಂಚಿನಿ ಮಾಡ್ತಾರೆ. ಬೊಕ್ಕೊಂಚಿನಿ ಅಂದ್ರೆ ನೀರಲ್ಲಿ ತೇಲೋ ಸಣ್ಣ ಉಂಡೆಗಳು, ಪಾರ್ಟಿಗೆ ಅದೇ ಸಲೀಸು. ಎರಡನೇದು ಮೇಲೆ ಬಿಳಿ ಸಿಪ್ಪೆ ಇದ್ದು ಒಳಗೆ ಬೆಣ್ಣೆ ಥರ ಇರೋ ಬ್ರೀ, ಬೆಂಗಳೂರಿನದೇ ಆದ ಬೇಗಂ ವಿಕ್ಟೋರಿಯಾ ಅನ್ನೋ ಚೀಸ್ ಕಂಪನಿಯವರ ಬ್ರೀ ಚೆನ್ನಾಗಿರುತ್ತೆ. ಮೂರನೇದು ಸ್ವಲ್ಪ ಗಟ್ಟಿ ಚೀಸ್, ಗೌಡಾ ಅಥವಾ ಚೆಡ್ಡಾರ್. ಇದಕ್ಕೆ ಪಕ್ಕದ ತಮಿಳುನಾಡಿನ ಬೆಟ್ಟಗಳ ಕಡೆ ನೋಡಿ, ಕೊಡೈಕೆನಾಲಲ್ಲಿ ಮಾಡ್ತಾರೆ, ಕೂನೂರಲ್ಲಿ ಏಕರ್ಸ್ ವೈಲ್ಡ್ ಅಂತ ಇದೆ, ಹಿಂದಿ ಸಿನಿಮಾ ನಿರ್ದೇಶಕ ಮನ್ಸೂರ್ ಖಾನ್ ಮುಂಬೈ ಬಿಟ್ಟು ಬಂದು ಹೆಂಡತಿ ಜೊತೆ ಕಟ್ಟಿದ ತೋಟ ಅದು. ರೇಟ್ ನೋಡಿ ಗಾಬರಿ ಆಗಬೇಡಿ, ಒಂದು ಕೆಜಿ ಗಟ್ಟಿ ಚೀಸಿಗೆ ಹೆಚ್ಚುಕಮ್ಮಿ ಹತ್ತು ಲೀಟರ್ ಹಾಲು ಬೇಕು, ಆಮೇಲೆ ಅದನ್ನ ತಿಂಗಳುಗಟ್ಟಲೆ ತಂಪಲ್ಲಿಟ್ಟು ತಿರುಗಿಸ್ತಾ ಒರೆಸ್ತಾ ನೋಡ್ಕೋಬೇಕು, ಆ ದುಡ್ಡು ಎಲ್ಲಿ ಹೋಗುತ್ತೆ ಅಂತ ಆಗ ಗೊತ್ತಾಗುತ್ತೆ.

ಡಬ್ಬಿ ಚೀಸಿಗೂ ಇದಕ್ಕೂ ಇರೋ ವ್ಯತ್ಯಾಸ ಒಂದು ತಿಳ್ಕೊಂಡ್ರೆ ಉಳಿದಿದ್ದೆಲ್ಲಾ ಸುಲಭ. ಡಬ್ಬಿದು ಅಂದ್ರೆ ಪ್ರೊಸೆಸ್ಡ್ ಚೀಸ್, ಚೀಸನ್ನ ಕರಗಿಸಿ ಅದು ಬೇರೆ ಬೇರೆ ಆಗದ ಹಾಗೆ ಕೆಲವು ಲವಣ ಸೇರಿಸಿ ಮತ್ತೆ ಅಚ್ಚಿಗೆ ಹಾಕಿದ್ದು, ಫ್ರಿಜ್ಜಿಂದ ತೆಗೆದ ತಕ್ಷಣ ತಿಂದ್ರೂ ಒಂದು ಗಂಟೆ ಬಿಟ್ಟು ತಿಂದ್ರೂ ಒಂದೇ ರುಚಿ. ಒಳ್ಳೆ ಚೀಸ್ ಹಾಗಲ್ಲ. ತಣ್ಣಗಿದ್ದಾಗ ಅದರ ಕೊಬ್ಬು ಗಟ್ಟಿಯಾಗಿರುತ್ತೆ, ವಾಸನೆ ಹೊರಗೆ ಬರೋದೇ ಇಲ್ಲ, ನಾಲಿಗೆಗೆ ಬರೀ ಉಪ್ಪು ತಾಗುತ್ತೆ. ಬ್ರೀನ ಫ್ರಿಜ್ಜಿಂದ ತೆಗೆದು ಕುಯ್ದು ಮಣೆ ಮೇಲಿಟ್ಟು ನೋಡ್ತಾ ಇರಿ. ಮೊದಲು ಕುಯ್ದ ಅಂಚು ಚಾಕು ಹೋದ ಹಾಗೇ ನೇರವಾಗಿ, ಸೀಮೆಸುಣ್ಣದ ಥರ ಇರುತ್ತೆ. ಹದಿನೈದು ನಿಮಿಷಕ್ಕೆ ಅಂಚಿಗೆ ಸಣ್ಣ ಹೊಳಪು ಬರುತ್ತೆ, ಅರ್ಧ ಗಂಟೆಗೆ ಒಳಗಿನ ಭಾಗ ಸಿಪ್ಪೆ ದಾಟಿ ಸ್ವಲ್ಪ ಉಬ್ಬಿಕೊಂಡು ಹೊರಗೆ ಬರುತ್ತೆ, ಬೆರಳಿಟ್ಟು ಒತ್ತಿದ್ರೆ ಹಣ್ಣಾದ ಸೀಬೆಕಾಯಿ ಥರ ಒತ್ತುತ್ತೆ. ಅದು ತಿನ್ನೋ ಹೊತ್ತು. ಹಾಗಾಗಿ ಜನ ಏಳು ಗಂಟೆಗೆ ಬರ್ತಾರೆ ಅಂದ್ರೆ ಬ್ರೀ ಮತ್ತು ಗೌಡಾನ ಆರೂಕಾಲಿಗೆ ಹೊರಗಿಡಿ, ಬೇಸಿಗೆಯಾದ್ರೆ ಆರೂವರೆಗೆ. ಹಸಿ ಚೀಸ್ ಮಾತ್ರ ಆರೂಮುಕ್ಕಾಲಿಗೆ ತೆಗೆದ್ರೂ ಸಾಕು. ಹೊರಗೆ ಇಟ್ಟಿದ್ದು ಒಟ್ಟು ಎರಡು ಗಂಟೆ ದಾಟಬಾರದು ಅಂತ ನೆನಪಿಟ್ಕೊಳ್ಳಿ, ಅದಕ್ಕೆ ಅರ್ಧ ಮೊದಲು ತೆಗೆದು ಇನ್ನರ್ಧ ಎಂಟು ಗಂಟೆ ಹೊತ್ತಿಗೆ ತೆಗೀರಿ.

ಈಗ ಜೋಡಿಸೋದು. ಬೊಕ್ಕೊಂಚಿನಿಗೆ ನಮ್ಮ ಅಯ್ಯಂಗಾರ್ ಬೇಕರಿ ಖಾರಾ ಬಿಸ್ಕತ್ತಿಗಿಂತ ಒಳ್ಳೆ ಜೋಡಿ ನಾನು ಇನ್ನೂ ನೋಡಿಲ್ಲ. ಆ ಬಿಸ್ಕತ್ತಲ್ಲಿ ಹಸಿಮೆಣಸು, ಕರಿಬೇವು, ಕೊತ್ತಂಬರಿ ಎಲ್ಲಾ ಇದೆ, ಚೀಸ್ ಪೂರ್ತಿ ಸಪ್ಪೆ, ಬಾಯಲ್ಲಿ ಎರಡೂ ಸೇರಿದಾಗ ಮೊಸರನ್ನಕ್ಕೆ ಒಗ್ಗರಣೆ ಬಿದ್ದ ಹಾಗಾಗುತ್ತೆ. ಉಂಡೆಗಳನ್ನ ಎರಡು ಹೋಳು ಮಾಡಿ ಕುಯ್ದ ಕಡೆ ಕೆಳಗೆ ಬರೋ ಹಾಗೆ ಒಣ ಬಟ್ಟೆ ಮೇಲೆ ಇಪ್ಪತ್ತು ನಿಮಿಷ ಇಡಿ, ಆ ನೀರು ಹೋಗ್ಲೇಬೇಕು. ಮೇಲೆ ಹಾಕೋಕೆ ಕೊಡಗಿನ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡೋ ಹುಳಿ) ಒಂದು ಟೀ ಚಮಚಕ್ಕೆ ಜೇನುತುಪ್ಪ ನಾಲ್ಕು ಟೀ ಚಮಚ ಸೇರಿಸಿ ಕಲಸಿ, ಒಂದೊಂದರ ಮೇಲೆ ಎರಡೇ ತೊಟ್ಟು. ಕಾಚಂಪುಳಿ ಕಪ್ಪಗೆ, ಮಂದ, ಭಯಂಕರ ಹುಳಿ, ಹಂದಿಮಾಂಸದ ಪಲ್ಯಕ್ಕೆ ಅಷ್ಟೇ ಅಂತ ಜನ ಅನ್ಕೊಂಡಿದಾರೆ, ಜೇನಿನ ಜೊತೆ ಸೇರಿದ್ರೆ ಅದರ ರುಚಿನೇ ಬೇರೆ.

ಬ್ರೀಗೆ ಬೆಂಗಳೂರು ನೀಲಿ ದ್ರಾಕ್ಷಿ. 2013ರಲ್ಲಿ ಜಿಐ, ಅಂದ್ರೆ ಇಂಥ ಊರಿನದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ದ್ರಾಕ್ಷಿ ಇದು, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೀತಾರೆ, ಗಾಡಿಯವರು ಮನೆ ಮುಂದೇನೇ ಮಾರ್ತಾರೆ, ಆದ್ರೂ ಪಾರ್ಟಿಗೆ ಅಂದ್ರೆ ಎಲ್ಲರೂ ಹೊರದೇಶದ ಬೀಜವಿಲ್ಲದ್ದೇ ತರ್ತಾರೆ, ನಂಗೆ ಅದು ಬೇಜಾರು. ಬೀಜ ಇರೋದ್ರಿಂದ ಹಸಿಯಾಗಿ ಇಟ್ರೆ ನೆಂಟರಿಗೆ ಎಲ್ಲಿ ಉಗುಳೋದು ಅಂತ ಮುಜುಗರ ಆಗುತ್ತೆ ನಿಜ. ಅದಕ್ಕೆ ಕಾಲು ಕೆಜಿ ದ್ರಾಕ್ಷಿನ ಒಂದೊಂದಾಗಿ ಹಿಂಡಿ, ಸಿಪ್ಪೆ ಒಂದು ಕಡೆ ತಿರುಳು ಒಂದು ಕಡೆ ಸಲೀಸಾಗಿ ಬರುತ್ತೆ. ತಿರುಳನ್ನ ಐದು ನಿಮಿಷ ಬಿಸಿ ಮಾಡಿ ಜರಡಿಲಿ ಉಜ್ಜಿದ್ರೆ ಬೀಜ ಮೇಲೇ ಉಳಿಯುತ್ತೆ, ಆ ರಸಕ್ಕೆ ಸಿಪ್ಪೆ, ಎರಡು ದೊಡ್ಡ ಚಮಚ ಸಕ್ಕರೆ, ಕುಟ್ಟಿದ ನಾಲ್ಕು ಕಾಳುಮೆಣಸು ಹಾಕಿ ಹತ್ತು ನಿಮಿಷ ಕುದಿಸಿ. ಸಿಪ್ಪೆಯಿಂದಾನೇ ಆ ಗಾಢ ಬಣ್ಣ ಬರೋದು. ಆರಿದ ಮೇಲೆ ಸಾದಾ ಕ್ರ್ಯಾಕರ್ ಮೇಲೆ ಬ್ರೀ, ಅದರ ಮೇಲೆ ಇದು ಕಾಲು ಚಮಚ. ಹಿಂದಿನ ದಿನಾನೇ ಮಾಡಿಡಬಹುದು.

ಗೌಡಾಗೆ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿನ ಮಸಾಲೆ ಒರೆಸಿ ಉಗುರಿನಷ್ಟು ತೆಳ್ಳಗೆ ಹೆಚ್ಚಿ, ಚೀಸ್ ತುಂಡಿನ ಮೇಲೆ ಒಂದೇ ಒಂದು ಚೂರು. ಇದಕ್ಕಿಂತ ಜಾಸ್ತಿ ಏನೂ ಬೇಡ.

ಪ್ರಶ್ನೆ: ಕ್ರ್ಯಾಕರ್ ಮೇಲೆ ಚೀಸ್ ಇಟ್ಟು ಹತ್ತೇ ನಿಮಿಷಕ್ಕೆ ಮೆತ್ತಗಾಗಿ ಬಗ್ಗಿ ಹೋಗ್ತದೆ. ಎಷ್ಟು ಒಳ್ಳೆ ಬಿಸ್ಕತ್ತು ತಂದ್ರೂ ಅದೇ ಕಥೆ. – ಮಂಗಳೂರು

ಉತ್ತರ: ನಿಮ್ಮೂರಿನ ಸೆಕೆಗೆ ಹಪ್ಪಳಾನೇ ನಿಲ್ಲಲ್ಲ, ಇನ್ನು ಬಿಸ್ಕತ್ತು ಎಲ್ಲಿಂದ ನಿಲ್ಲುತ್ತೆ. ಕ್ರ್ಯಾಕರ್ ಬೇಯೋವಾಗ ಒಳಗಿನ ನೀರೆಲ್ಲಾ ಆರಿ ಹೋಗಿರುತ್ತೆ, ಅದಕ್ಕೇ ಗರಿಗರಿ, ಅದಕ್ಕೇ ಎಲ್ಲಿ ಪಸೆ ಸಿಕ್ಕಿದ್ರೂ ಎಳ್ಕೊಳ್ಳುತ್ತೆ. ಒಂದು ಕಡೆ ಗಾಳಿಯಿಂದ, ಇನ್ನೊಂದು ಕಡೆ ಮೇಲಿಟ್ಟ ಚೀಸಿಂದ. ಮೊಝರೆಲ್ಲಾ ಥರದ ಹಸಿ ಚೀಸಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತೆ, ಚೆಡ್ಡಾರಲ್ಲಿ ನೂರಕ್ಕೆ 37 ಭಾಗದ ಆಸುಪಾಸು. ಹಾಗಾಗಿ ಕರಾವಳಿಲಿ ಇರೋರು ಗಟ್ಟಿ ಚೀಸ್ ಕಡೆ ಒಲವು ಇಟ್ಕೊಂಡ್ರೆ ಅರ್ಧ ತೊಂದ್ರೆ ಅಲ್ಲೇ ಹೋಯ್ತು.

ಇನ್ನರ್ಧಕ್ಕೆ ಎರಡು ಉಪಾಯ. ಬಿಸ್ಕತ್ತಿನ ಮೇಲೆ ಮೊದಲು ಬೆಣ್ಣೆನ ಕಾಗದದಷ್ಟು ತೆಳ್ಳಗೆ ಸವರಿ, ಅಂಚಿನವರೆಗೂ. ಕೊಬ್ಬಿನ ಪದರ ನೀರನ್ನ ಕೆಳಗೆ ಬಿಡಲ್ಲ, ಹತ್ತು ನಿಮಿಷ ಇದ್ದದ್ದು ಅರ್ಧ ಗಂಟೆ ಆಗುತ್ತೆ. ಎರಡನೇದು, ಮಧ್ಯಾಹ್ನಾನೇ ಪ್ಯಾಕೆಟ್ ಒಡೆದು ಬಿಸ್ಕತ್ತನ್ನ ಒಂದೇ ಸಾಲಲ್ಲಿ ಹರಡಿ ಓವನ್ನಲ್ಲಿ 150 ಡಿಗ್ರಿಲಿ ನಾಲ್ಕೈದು ನಿಮಿಷ ಬಿಸಿ ಮಾಡಿ, ಓವನ್ ಇಲ್ಲದಿದ್ರೆ ದಪ್ಪ ದೋಸೆಕಲ್ಲಿನ ಮೇಲೆ ತೀರಾ ಸಣ್ಣ ಉರಿಲಿ ಎರಡೂ ಕಡೆ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡಿ. ಬಿಸಿ ಇರೋವಾಗಲೇ ಮುಚ್ಚಿದ್ರೆ ಅದರ ಹಬೆಗೇ ಮೆತ್ತಗಾಗುತ್ತೆ, ಇದನ್ನ ಬಹಳ ಜನ ಮರೀತಾರೆ.

ಇದೆಲ್ಲಾ ಮಾಡಿದ್ರೂ ಮುಂಚೆನೇ ಜೋಡಿಸಿಡೋ ಆಸೆ ಬಿಡಿ. ನಾನು ಒಂದ್ಸಲ ಅಕ್ಕನ ಮನೆ ಗೃಹಪ್ರವೇಶದ ಸಂಜೆಗೆ ಅಂತ ನಾಲ್ಕು ಗಂಟೆಗೇ ಅರವತ್ತು ಬಿಸ್ಕತ್ತು ಜೋಡಿಸಿ ಪ್ಲಾಸ್ಟಿಕ್ ಮುಚ್ಚಿ ಫ್ರಿಜ್ಜಲ್ಲಿಟ್ಟಿದ್ದೆ, ಏಳಕ್ಕೆ ತೆಗೆದ್ರೆ ಪ್ಲಾಸ್ಟಿಕ್ಕಿನ ಒಳಗಡೆ ಹನಿ ಹನಿ ನೀರು, ಬಿಸ್ಕತ್ತು ಒದ್ದೆ ರಟ್ಟಿನ ಹಾಗೆ, ಚೀಸ್ ತಣ್ಣಗೆ ರಬ್ಬರ್. ಒಳ್ಳೆ ಸಾಮಾನು, ದುಬಾರಿ ಸಾಮಾನು, ಎಲ್ಲಾ ವ್ಯರ್ಥ ಆಯ್ತಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ. ಈಗ ಬಿಸ್ಕತ್ತು ಬೇರೆ ತಟ್ಟೆ, ಚೀಸ್ ಬೇರೆ ಮಣೆ, ನಂಜಿಕೊಳ್ಳೋದು ಸಣ್ಣ ಬಟ್ಟಲಲ್ಲಿ, ಒಂದು ಹತ್ತು ಮಾತ್ರ ಹೇಗೆ ತಿನ್ನಬೇಕು ಅಂತ ತೋರಿಸೋಕೆ ಜೋಡಿಸಿಡ್ತೀನಿ, ಉಳಿದಿದ್ದು ಬಂದವರೇ ಮಾಡ್ಕೊಳ್ತಾರೆ. ಮಕ್ಕಳಿಗಂತೂ ಅದೇ ಆಟ.

ಪ್ರಶ್ನೆ: ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದದ್ದೇನೋ ಹಾಕ್ತಾರಂತೆ, ನಿಜವಾ? ನಮ್ಮ ಮನೇಲಿ ಎಲ್ರೂ ಶುದ್ಧ ಸಸ್ಯಾಹಾರಿಗಳು, ಬರೋ ಬೀಗರೂ ಅಷ್ಟೇ. – ದಾವಣಗೆರೆ

ಉತ್ತರ: ನಿಜ, ಆದ್ರೆ ಎಲ್ಲಾ ಚೀಸಿಗೂ ಅಲ್ಲ. ಹಾಲನ್ನ ಮೊಸರಿನ ಥರ ಹುಳಿಯಾಗಿಸದೆ ಗಟ್ಟಿಯಾಗಿ ಕಟ್ಟಿಸೋಕೆ ರೆನೆಟ್ ಅನ್ನೋ ಕಿಣ್ವ ಬೇಕು, ಹಿಂದಿನಿಂದ ಅದನ್ನ ಹಾಲು ಕುಡಿಯೋ ಕರುವಿನ ನಾಲ್ಕನೇ ಹೊಟ್ಟೆಯಿಂದ ತೆಗೀತಿದ್ರು. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋಗೆ ಇವತ್ತಿಗೂ ಕರುವಿನ ರೆನೆಟ್ಟೇ ಹಾಕಬೇಕು ಅನ್ನೋ ನಿಯಮ ಇದೆ, ಹಾಗಾಗಿ ಅದು ನಿಮಗೆ ಬೇಡ. ಆದ್ರೆ ಒಂದು ಬಗೆಯ ಶಿಲೀಂಧ್ರದಿಂದಲೂ ಅದೇ ಕೆಲಸ ಮಾಡೋ ಕಿಣ್ವ ಸಿಗುತ್ತೆ, ಲೇಬಲ್ಲಲ್ಲಿ ಮೈಕ್ರೋಬಿಯಲ್ ರೆನೆಟ್ ಅಂತ ಬರೆದಿರುತ್ತೆ, ನಮ್ಮ ದೇಶದ ಚೀಸ್ ಮಾಡೋರು ಸಾಮಾನ್ಯವಾಗಿ ಬಳಸೋದು ಇದನ್ನೇ, ಕೊಳ್ಳೋರಲ್ಲಿ ನಿಮ್ಮಂಥವರೇ ಜಾಸ್ತಿ ಅನ್ನೋದು ಅವರಿಗೂ ಗೊತ್ತು.

ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ನೋಡಿ. ತೂಕದ ಮೇಲೆ ಕುಯ್ದು ಕೊಡೋ ಅಂಗಡಿಲಿ ಲೇಬಲ್ ಇರಲ್ಲ, ಅಲ್ಲಿ ಬಾಯಿಬಿಟ್ಟು ಕೇಳಿ, ಸರಿಯಾಗಿ ಉತ್ತರ ಕೊಡದಿದ್ರೆ ತಗೋಬೇಡಿ. ಬೀಗರು ಬರೋ ದಿನ ಪ್ಯಾಕೆಟ್ ಲೇಬಲ್ಲನ್ನ ಎಸೀದೆ ಇಟ್ಕೊಂಡಿರಿ, ಯಾರಾದ್ರೂ ಅನುಮಾನ ಪಟ್ರೆ ತೋರಿಸಬಹುದು, ಅವರು ನೆಮ್ಮದಿಯಾಗಿ ತಿಂತಾರೆ. ನೆಂಟರ ನೇಮ ಕಾಪಾಡೋದು ಊಟ ಹಾಕೋರ ಜವಾಬ್ದಾರಿ ಅಂತಾನೇ ನಾನು ನಂಬಿರೋದು.

ಪ್ರಶ್ನೆ: ಶಾಲೆಲಿ ಚೀಸ್ ಅಂದ್ರೆ ಗಿಣ್ಣು ಅಂತ ಹೇಳ್ಕೊಟ್ಟಿದ್ರು. ಹಾಗಾದ್ರೆ ಗಿಣ್ಣನ್ನೇ ಬಿಸ್ಕತ್ತಿನ ಮೇಲೆ ಇಟ್ಟು ಕೊಡಬಹುದಲ್ವಾ? – ಶಿವಮೊಗ್ಗ

ಉತ್ತರ: ಡಿಕ್ಷನರಿಯವರು ಹತ್ತಿರದ ಪದ ಹುಡುಕಿ ಹಾಕಿದ್ದು, ಎರಡೂ ಒಂದೇ ಅಲ್ಲ. ಹಸು ಕರು ಹಾಕಿದ ಮೊದಲ ಎರಡು ಮೂರು ದಿನದ ಹಾಲಲ್ಲಿ ಕರುವಿಗೆ ರೋಗ ತಡೆಯೋ ಶಕ್ತಿ ಕೊಡೋ ಪ್ರೋಟೀನು ತುಂಬಾ ಇರುತ್ತೆ, ಅದು ಬರೀ ಬಿಸಿಗೇ ಮೊಟ್ಟೆ ಗಟ್ಟಿಯಾದ ಹಾಗೆ ಗಟ್ಟಿಯಾಗುತ್ತೆ, ಹುಳಿನೂ ಬೇಡ ರೆನೆಟ್ಟೂ ಬೇಡ. ಚೀಸಲ್ಲಿ ಹಾಗಾಗಲ್ಲ, ಒಡೆಸಬೇಕು, ನೀರು ಬಸೀಬೇಕು, ಉಪ್ಪು ಹಾಕಬೇಕು. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ಬಿಸ್ಕತ್ತಿನ ಮೇಲೆ ಚೆನ್ನಾಗಿರಲ್ಲ, ಅದನ್ನ ಬಟ್ಟಲಲ್ಲಿ ಕುಯ್ದು ಹಾಗೇ ತಿನ್ನೋದೇ ಸರಿ. ಕರು ಕುಡಿದು ಮಿಕ್ಕಿದ್ದು ಮಾತ್ರ ತಗೊಳ್ಳಿ.

ಪ್ರಶ್ನೆ: ನಮ್ಮೂರಲ್ಲಿ ನೀವು ಹೇಳೋ ಚೀಸ್ ಒಂದೂ ಸಿಗಲ್ಲ ಮೇಡಂ, ಆನ್‌ಲೈನ್ ತರಿಸಿದ್ರೆ ಬಿಸಿಲಿಗೆ ಕರಗಿ ಬರುತ್ತೆ. ಮನೇಲಿ ಎರಡು ಹಸು ಇದೆ. ಮಗಳ ಹುಟ್ಟುಹಬ್ಬಕ್ಕೆ ಮನೇಲೇ ಏನಾದ್ರೂ ಮಾಡಬಹುದಾ? – ತಿಪಟೂರು ಹತ್ತಿರದ ಹಳ್ಳಿ

ಉತ್ತರ: ಎರಡು ಹಸು ಇರೋರ ಹತ್ರ ಇರೋದು ಬೆಂಗಳೂರಿನ ಯಾವ ಫ್ಲ್ಯಾಟಲ್ಲೂ ಇಲ್ಲ. ನಿಮ್ಮ ಕೈಯಲ್ಲೇ ಆಗೋ ಚೀಸ್ ಇದು, ನಿಮಗಿಂತ ಲೋಕಲ್ ಯಾರಿದಾರೆ ಹೇಳಿ.

ಎರಡು ಲೀಟರ್ ಹಾಲು, ಕೆನೆ ತೆಗೀಬೇಡಿ. ದಪ್ಪ ತಳದ ಪಾತ್ರೇಲಿ ಇಟ್ಟು ಸೌಟಾಡಿಸ್ತಾ ಕಾಯಿಸಿ, ಉಕ್ಕಿ ಬರೋಕೆ ಮುಂಚೆ ಅಂಚಲ್ಲಿ ನೊರೆ ಕಟ್ಟಿ ನಡುವೆ ಸಣ್ಣಗೆ ಅಲುಗಾಡೋಕೆ ಶುರುವಾದಾಗ ಒಲೆ ಆರಿಸಿ. ಎರಡು ದೊಡ್ಡ ನಿಂಬೆಹಣ್ಣಿನ ರಸಕ್ಕೆ ಅಷ್ಟೇ ನೀರು ಸೇರಿಸಿ, ಅದನ್ನ ಒಂದೊಂದೇ ಚಮಚ ಹಾಕ್ತಾ ತುಂಬಾ ನಿಧಾನವಾಗಿ ತಿರುಗಿಸಿ. ಮೊದಲ ಎರಡು ಚಮಚಕ್ಕೆ ಏನೂ ಆಗಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಹಾಲು ಮರಳು ಮರಳಾಗುತ್ತೆ, ಇನ್ನೊಂದು ಚಮಚಕ್ಕೆ ಬಿಳಿ ಮೋಡದ ಥರ ಗಡ್ಡೆಗಳು ಮೇಲೆ ಬಂದು ಕೆಳಗಿನ ನೀರು ತಿಳಿಯಾಗಿ ಎಳೆ ಹಸಿರು ಬಣ್ಣಕ್ಕೆ ತಿರುಗುತ್ತೆ. ಆ ಬಣ್ಣ ಕಂಡ ತಕ್ಷಣ ನಿಂಬೆರಸ ಹಾಕೋದು ನಿಲ್ಲಿಸಿ, ಉಳಿದಿದ್ರೆ ಉಳೀಲಿ. ಜಾಸ್ತಿ ಹುಳಿ ಹಾಕಿದ್ರೆ, ಜೋರಾಗಿ ತಿರುಗಿಸಿದ್ರೆ, ಗಡ್ಡೆ ಸಣ್ಣ ಸಣ್ಣ ಕಾಳಾಗಿ ಗಟ್ಟಿಯಾಗುತ್ತೆ, ಬಾಯಲ್ಲಿ ಜಗಿಯೋ ಹಾಗಾಗುತ್ತೆ. ಮುಚ್ಚಿ ಹತ್ತು ನಿಮಿಷ ಬಿಡಿ. ತೆಳು ಪಂಚೆ ಬಟ್ಟೇಲಿ ಸೋಸಿ, ಮೇಲಿಂದ ಒಂದು ಚೊಂಬು ತಣ್ಣೀರು ಹಾಕಿ ಹುಳಿ ತೊಳೀರಿ, ಗಂಟು ಕಟ್ಟಿ ನಲ್ಲಿಗೆ ಇಳಿಬಿಡಿ, ಆದ್ರೆ ಇಪ್ಪತ್ತೇ ನಿಮಿಷ. ಭಾರ ಇಡಬೇಡಿ, ಇಟ್ರೆ ಪನೀರ್ ಆಗುತ್ತೆ, ನಮಗೆ ಬೇಕಾಗಿರೋದು ಸವರೋಕೆ ಬರೋ ಹದ.

ಸುಮಾರು 350ರಿಂದ 400 ಗ್ರಾಂ ಸಿಗುತ್ತೆ. ಅದಕ್ಕೆ ಅರ್ಧ ಟೀ ಚಮಚ ಉಪ್ಪು, ನಿಮ್ಮನೇದೇ ಬೆಣ್ಣೆ ಒಂದು ದೊಡ್ಡ ಚಮಚ ಹಾಕಿ ಅಂಗೈ ಬುಡದಿಂದ ಚೆನ್ನಾಗಿ ನಾದಿ, ಅಥವಾ ಮಿಕ್ಸಿಲಿ ಅರ್ಧ ನಿಮಿಷ. ನುಣ್ಣಗಾದ ಮೇಲೆ ಮೂರು ಭಾಗ ಮಾಡಿ. ಒಂದಕ್ಕೆ ಕುಟ್ಟಿದ ಕಾಳುಮೆಣಸು ಮತ್ತೆ ಕೊತ್ತಂಬರಿ ದಂಟು, ಮಕ್ಕಳ ಪಾಲಿಗೆ ಏನೂ ಬೇಡ ಬರೀ ಮೇಲೆ ಒಂದು ತೊಟ್ಟು ಜೇನು, ಮೂರನೇದಕ್ಕೆ ನಿಮ್ಮೂರಿನ ಕೊಬ್ಬರಿನ ತೆಳ್ಳಗೆ ಹೆರೆದು ಬಾಣಲೇಲಿ ಕೆಂಪಗೆ ಹುರಿದು ಒಂದು ಬ್ಯಾಡಗಿ ಮೆಣಸಿನಕಾಯಿ ಜೊತೆ ತರಿತರಿ ಕುಟ್ಟಿ ಮೇಲೆ ಉದುರಿಸಿ. ಬಿಸ್ಕತ್ತಿಗೆ ಮೊನಾಕೋ ಸಾಕು, ಅದು ಯಾವ ಊರಲ್ಲೂ ಸಿಗುತ್ತೆ, ಅದರ ಮೇಲೆ ಉಪ್ಪಿರುತ್ತೆ ಅಂತ ನೆನಪಿಟ್ಕೊಂಡು ಚೀಸಿಗೆ ಉಪ್ಪು ಸ್ವಲ್ಪ ಕಮ್ಮಿ ಮಾಡಿ. ಬಸಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತೆ. ಈ ಚೀಸ್ ಫ್ರಿಜ್ಜಲ್ಲಿ ಎರಡು ದಿನ ಅಷ್ಟೇ.

ಪ್ರಶ್ನೆ: ನಮ್ಮ ಕಡೆ ಕಡಕ್ ರೊಟ್ಟಿ ಅದಾವಲ್ರಿ, ಅದನ್ನ ಮುರದು ಅದರ ಮ್ಯಾಲೆ ಚೀಸ್ ಹಚ್ಚಿ ಕೊಟ್ರ ನಡೀತದೇನ್ರಿ? ತಂಗಿ ಮಗಗ ಗೋಧಿ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. – ಹುಬ್ಬಳ್ಳಿ

ಉತ್ತರ: ನಡೆಯುತ್ತೆ ಅಲ್ಲ, ಓಡುತ್ತೆ. ನಾನೇ ಇದನ್ನ ಬರೀಬೇಕಿತ್ತು, ನೀವು ನೆನಪು ಮಾಡಿದ್ರಿ. ಗೋಧಿಲಿರೋ ಗ್ಲುಟೆನ್ ಅನ್ನೋ ಅಂಟು ಪ್ರೋಟೀನು ಜೋಳದಲ್ಲಿ ಇಲ್ಲ, ಸಜ್ಜೇಲೂ ಇಲ್ಲ, ಹಾಗಾಗಿ ಆ ಹುಡುಗನಿಗೆ ಇದೇ ಕ್ರ್ಯಾಕರ್. ಒಂದೇ ಎಚ್ಚರಿಕೆ, ರೊಟ್ಟಿ ಅಂಗಡಿದಾದ್ರೆ ಬಡಿಯೋವಾಗ ಗೋಧಿ ಹಿಟ್ಟು ಉದುರಿಸಿದಾರಾ, ಅದೇ ಹೆಂಚಲ್ಲಿ ಚಪಾತಿ ಬೇಯಿಸ್ತಾರಾ ಅಂತ ಕೇಳಿ ತಗೊಳ್ಳಿ, ಆ ಮಗುಗೆ ಒಂದು ಚಿಟಿಕೆನೂ ತೊಂದ್ರೆ ಕೊಡಬಹುದು. ತಟ್ಟೇನೂ ಬೇರೆ ಇಡಿ, ಗೋಧಿ ಬಿಸ್ಕತ್ತಿಗೆ ಮುಟ್ಟಿಸಿದ ಚಾಕುನ ಇದಕ್ಕೆ ಮುಟ್ಟಿಸಬೇಡಿ.

ಕಡಕ್ ರೊಟ್ಟಿ ಕ್ರ್ಯಾಕರ್‌ಗಿಂತ ತೆಳು, ಮೇಲೆ ಭಾರ ತಡೆಯಲ್ಲ, ಅದಕ್ಕೆ ಗಟ್ಟಿ ತುಂಡು ಇಡೋ ಬದಲು ಸವರೋ ಚೀಸ್ ತಗೊಳ್ಳಿ. ಮೇಲೆ ತಿಪಟೂರಿನವರಿಗೆ ಹೇಳಿದ್ದೇ ಆಗ್ಬಹುದು, ಅಥವಾ ಕೆನೆ ಮೊಸರನ್ನ ಬಟ್ಟೇಲಿ ಕಟ್ಟಿ ರಾತ್ರಿ ಪೂರ್ತಿ ಫ್ರಿಜ್ಜಲ್ಲಿ ಬಸಿಯೋಕೆ ಬಿಡಿ, ಶ್ರೀಖಂಡಕ್ಕೆ ಚಕ್ಕಾ ಮಾಡ್ತೀರಲ್ಲ ಅದೇ, ಸಕ್ಕರೆ ಬದಲು ಉಪ್ಪು ಹಾಕಿ. ಅದರ ಮೇಲೆ ಶೇಂಗಾ ಚಟ್ನಿ ಪುಡಿ, ಒಂದೆರಡು ಚೂರು ಹಸಿ ಈರುಳ್ಳಿ ಸೊಪ್ಪು. ಸಜ್ಜೆ ರೊಟ್ಟಿಯಾದ್ರೆ ಮೇಲೆ ಎಳ್ಳು ಇದ್ದೇ ಇರುತ್ತೆ, ಅದಕ್ಕೆ ಗುರೆಳ್ಳು ಚಟ್ನಿ ಪುಡಿ ಇನ್ನೂ ಚೆನ್ನ. ರೊಟ್ಟಿ ಮುರಿಯೋವಾಗ ಒಂದೇ ಅಳತೆಗೆ ಬರಲಿ ಅಂತ ಒದ್ದಾಡಬೇಡಿ, ಅಡ್ಡಾದಿಡ್ಡಿ ತುಂಡುಗಳೇ ತಟ್ಟೇಲಿ ಚಂದ ಕಾಣೋದು.

ಪ್ರಶ್ನೆ: ನಾದಿನಿ ಐದು ತಿಂಗಳ ಬಸುರಿ, ಸೀಮಂತಕ್ಕೆ ಚೀಸ್ ಇಡಬಹುದಾ? – ಮೈಸೂರು

ಉತ್ತರ: ಬ್ರೀ, ಕ್ಯಾಮೆಂಬೇರ್, ಬ್ಲೂ ಚೀಸ್ ಥರದ ಮೆತ್ತನೆ ಚೀಸ್ ಅವಳ ತಟ್ಟೆಗೆ ಬೇಡ. ಅಂಥ ಚೀಸಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಲ್ಲೂ ಬೆಳೀಬಹುದು, ಅದರಿಂದ ಹೊಟ್ಟೇಲಿರೋ ಮಗುಗೆ ಅಪಾಯ. ಹಸಿ ಹಾಲಿಂದ ಮಾಡಿದ್ದು ಯಾವುದೂ ಬೇಡ. ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೆಡ್ಡಾರ್, ಗೌಡಾ ಕೊಡಬಹುದು, ಡಬ್ಬಿ ಚೀಸೂ ಆಗುತ್ತೆ. ಅವಳನ್ನ ನೋಡೋ ಡಾಕ್ಟರನ್ನೂ ಒಂದು ಮಾತು ಕೇಳಿ. ನಾನಾಗಿದ್ರೆ ಆ ದಿನ ಇಡೀ ಮನೆಗೇ ಗಟ್ಟಿ ಚೀಸ್ ಮಾತ್ರ ತರಿಸ್ತಿದ್ದೆ, ಎಲ್ಲರೂ ತಿನ್ನೋದನ್ನ ಅವಳೊಬ್ಬಳು ನೋಡ್ತಾ ಕೂರಬಾರದು, ಅದು ಅವಳ ದಿನ.

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದೀವಿ, ಇಲ್ಲಿ ಮೂಲೆ ಮೂಲೆಗೂ ಚೀಸ್ ಅಂಗಡಿ. ಯುಗಾದಿಗೆ ಕನ್ನಡದವರು ಒಂದಿಪ್ಪತ್ತು ಜನ ಸೇರ್ತೀವಿ, ಇಲ್ಲಿನ ಚೀಸಿಗೆ ನಮ್ಮ ರುಚಿ ಹೇಗೆ ಸೇರಿಸೋದು? – ಮ್ಯಾಡಿಸನ್

ಉತ್ತರ: ಚೀಸ್ ಮಾಡೋಕೆ ಲೈಸೆನ್ಸ್ ಪಡೀಲೇಬೇಕು ಅಂತ ಕಾನೂನಿರೋ ರಾಜ್ಯದಲ್ಲಿ ಕೂತ್ಕೊಂಡು ನನ್ನ ಕೇಳ್ತಿದೀರ, ಖುಷಿಯಾಯ್ತು. ನಿಮ್ಮಲ್ಲಿ ಹುಟ್ಟಿದ್ದೇ ಕೋಲ್ಬಿ, 1885ರಲ್ಲಿ ಅದೇ ಹೆಸರಿನ ಊರಲ್ಲಿ. ಚೆಡ್ಡಾರ್‌ಗಿಂತ ಮೃದು, ಜಾಸ್ತಿ ಹುಳಿ ಇಲ್ಲ, ಚಟ್ನಿ ಪುಡಿಗೆ ಹೇಳಿ ಮಾಡಿಸಿದ ಹಾಗಿದೆ. ಪುಡಿಗೆ ಕರಗಿಸಿದ ತುಪ್ಪ ಒಂದಿಷ್ಟು ಕಲಸಿ ರೈ ಅನ್ನೋ ಧಾನ್ಯದ ಕ್ರ್ಯಾಕರ್ ಮೇಲೆ ಸವರಿ, ಮೇಲೆ ಕೋಲ್ಬಿ ತುಂಡು. ಒಂದೆರಡು ವರ್ಷ ಹಳೇದಾದ ಚೆಡ್ಡಾರ್ ಸಿಕ್ರೆ ಅದಕ್ಕೆ ಬೆಲ್ಲ ಬೇಕು. ಊರಿಂದ ಬಂದವರು ಜೋನಿ ಬೆಲ್ಲ ತಂದಿದ್ರೆ ಹಾಗೇ ಒಂದು ತೊಟ್ಟು, ಇಲ್ಲದಿದ್ರೆ ಅಚ್ಚುಬೆಲ್ಲನ ಸ್ವಲ್ಪ ನೀರಲ್ಲಿ ಕರಗಿಸಿ ಮಂದ ಆಗೋವರೆಗೂ ಕಾಯಿಸಿ, ಮೇಲೆ ಕಾಳುಮೆಣಸು. ಬೇವಿನ ಹೂವು ಸಿಕ್ಕಿದ್ರೆ ತುಪ್ಪದಲ್ಲಿ ಹುರಿದು ಎರಡೆರಡು ಎಸಳು ಇಡಿ, ಉಪ್ಪು, ಸಿಹಿ, ಕಹಿ ಮೂರೂ ಒಂದೇ ತುತ್ತಲ್ಲಿ, ಯುಗಾದಿಗೆ ಇನ್ನೇನು ಬೇಕು.

ಇನ್ನು ಹಲ್ಲಿಗೆ ಕಿರ್ ಕಿರ್ ಅನ್ನೋ ಕರ್ಡ್ಸ್, ಅಂದ್ರೆ ಅಚ್ಚಿಗೆ ಹಾಕೋಕೆ ಮುಂಚಿನ ಹಸಿ ಚೀಸ್ ತುಂಡುಗಳು ಸಿಗುತ್ತಲ್ಲ, ಅದನ್ನ ಮಾಡಿದ ದಿನಾನೇ ತನ್ನಿ. ಎರಡು ದಿನಕ್ಕೆ ಆ ಸದ್ದು ಹೋಗುತ್ತೆ, ಹೋದ್ರೆ ಮೈಕ್ರೋವೇವಲ್ಲಿ ಕೆಲವೇ ಸೆಕೆಂಡು ಇಟ್ರೆ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತೆ. ಅದಕ್ಕೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಆರಿಸಿ ಮೇಲೆ ಹಾಕಿ ಬಟ್ಟಲಲ್ಲಿಡಿ, ಪಕ್ಕದಲ್ಲಿ ಬಿಸ್ಕತ್ತು.

ಪ್ರಶ್ನೆ: ಪಾರ್ಟಿ ಮುಗೀತು, ಚೀಸ್ ಉಳೀತು. ಪ್ಲಾಸ್ಟಿಕ್ ಸುತ್ತಿ ಫ್ರಿಜ್ಜಲ್ಲಿಟ್ಟಿದ್ದೆ, ವಾರಕ್ಕೆ ಗೌಡಾ ಮೇಲೆ ಹಸಿರು ಬೂಷ್ಟು, ಬ್ರೀ ಫಿನಾಯಿಲ್ ಥರ ಘಾಟು. ಎಸೀಬೇಕಾ? – ತುಮಕೂರು

ಉತ್ತರ: ಗೌಡಾ ಉಳಿಸ್ಕೊಳ್ಳಿ, ಬ್ರೀ ಮೂಸಿ ನೋಡಿ ತೀರ್ಮಾನ ಮಾಡಿ. ಗಟ್ಟಿ ಚೀಸಲ್ಲಿ ಬೂಷ್ಟು ಒಳಗೆ ಜಾಸ್ತಿ ಇಳಿಯಲ್ಲ, ಬೂಷ್ಟು ಇರೋ ಜಾಗದ ಸುತ್ತ ಮತ್ತು ಕೆಳಗೆ ಒಂದೊಂದು ಇಂಚು ದಪ್ಪಕ್ಕೆ ಕುಯ್ದು ತೆಗೆದ್ರೆ ಉಳಿದಿದ್ದು ತಿನ್ನಬಹುದು, ಚಾಕು ಬೂಷ್ಟಿಗೆ ತಾಗದ ಹಾಗೆ ನೋಡ್ಕೊಳ್ಳಿ. ಮೆತ್ತನೆ ಚೀಸಿಗೆ, ಮನೇಲಿ ಮಾಡಿದ ಹಸಿ ಚೀಸಿಗೆ ಹೊರಗಿನ ಬೂಷ್ಟು ಬಂದ್ರೆ ಪೂರ್ತಿ ಎಸೀರಿ, ಅಲ್ಲಿ ಕುಯ್ದು ಉಳಿಸೋ ಮಾತಿಲ್ಲ. ಬ್ರೀ ಮೇಲಿನ ಬಿಳಿ ಸಿಪ್ಪೆ ಬೂಷ್ಟೇ, ಆದ್ರೆ ಅದು ಮಾಡೋರೇ ಬೆಳೆಸಿದ್ದು, ತಿನ್ನೋದೇ. ನಿಮಗೆ ಬಂದ ಘಾಟು ಅಮೋನಿಯಾದ್ದು, ಆ ಸಿಪ್ಪೆ ಒಳಗಿನ ಪ್ರೋಟೀನನ್ನ ಒಡೀತಾ ಹೋದಾಗ ಬರುತ್ತೆ, ಪ್ಲಾಸ್ಟಿಕ್ಕಲ್ಲಿ ಉಸಿರುಗಟ್ಟಿದ್ರೆ ಇನ್ನೂ ಜಾಸ್ತಿ. ಬಿಚ್ಚಿ ಅರ್ಧ ಗಂಟೆ ಗಾಳಿಗಿಟ್ಟು ನೋಡಿ, ಘಾಟು ಹೋದ್ರೆ ತಿನ್ನಿ, ಹೋಗದೆ ನಾಲಿಗೆ ಚುರುಕ್ ಅಂದ್ರೆ ಹಣ್ಣು ಮೀರಿದೆ ಅಂತ ಅರ್ಥ, ಬಿಡಿ.

ಮುಂದಿನ ಸಲ ಬೆಣ್ಣೆ ಕಾಗದದಲ್ಲಿ ಸುತ್ತಿ, ಅದನ್ನ ಮುಚ್ಚಳದ ಡಬ್ಬಿಲಿ ಹಾಕಿ ತರಕಾರಿ ಇಡೋ ಕೆಳಗಿನ ಡ್ರಾಯರಲ್ಲಿಡಿ, ಒಂದೊಂದು ಚೀಸಿಗೆ ಒಂದೊಂದು ಕಾಗದ, ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ. ಉಳಿದ ಗೌಡಾನ ತುರಿದು ದೋಸೆ ಮೇಲೆ ಹಾಕಿ, ಈರುಳ್ಳಿ ದೋಸೆಗಂತೂ ತುಂಬಾ ಹೊಂದುತ್ತೆ. ಬ್ರೀ ಚೂರುಗಳು ಬಿಸಿ ಅಕ್ಕಿರೊಟ್ಟಿ ಮೇಲೆ ಹಾಕಿದ್ರೆ ಬೆಣ್ಣೆ ಹಾಕೋದೇ ಬೇಡ. ಮೆತ್ತಗಾದ ಖಾರಾ ಬಿಸ್ಕತ್ತು, ಒಡೆದ ಕ್ರ್ಯಾಕರ್ ಎಲ್ಲಾ ಬಾಣಲೇಲಿ ಬೆಚ್ಚಗೆ ಮಾಡಿ ಪುಡಿ ಮಾಡಿಟ್ಕೊಳ್ಳಿ, ಕಟ್ಲೆಟ್ಟಿಗೆ ಮೇಲೆ ಹೊರಳಿಸೋಕೆ ಬ್ರೆಡ್ ಪುಡಿಗಿಂತ ರುಚಿ ಜಾಸ್ತಿ, ಖಾರ ಬೇರೆ ಹಾಕೋ ಹಾಗೇ ಇಲ್ಲ.